ಆಕಾಶ ನೋಡಿ ಕಾಪಿ ಹೊಡೆದ ಅತ್ತೆ

ನಮ್ಮ ಅತ್ತೆ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರು. ಅದೂ ಅರವತ್ತಾರನೆಯ ವಯಸ್ಸಿನಲ್ಲಿ. ಚೀಟಿ ಇಟ್ಟುಕೊಂಡಿರಲಿಲ್ಲ. ಪಕ್ಕದವರ ಉತ್ತರ ನೋಡಲಿಲ್ಲ, ಪಕ್ಕದಲ್ಲಿ ಯಾರೂ ಇರಲೂ ಇಲ್ಲ. ಅವರು ನೋಡಿದ್ದು ಆಕಾಶವನ್ನು. ಹನ್ನೊಂದು ಸಲ ನೋಡಿದರು ಎಂದು ಕಾಲೇಜಿನವರು ಬರೆದು ಕಳಿಸಿದರು. ನಾನು ಬಾಗಿಲ ಸಂದಿಯಿಂದ ಎಣಿಸಿದ್ದು ಹದಿಮೂರು. ಎರಡು ಸಲ ಒಗ್ಗರಣೆಯ ಹೊಗೆ ಅಡ್ಡ ಬಂದಿತ್ತು, ಅವು ಕ್ಯಾಮೆರಾಕ್ಕೆ ಸಿಕ್ಕಿರಲಾರವು.

ಇದನ್ನು ಅವಸರ ಮಾಡದೆ ಹೇಳಬೇಕು. ನಾನು ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಯಂತ್ರ ತೋರಿಸಿದ ಅಂಕಿಯನ್ನು ಎರಡು ಸಲ ನೋಡಿ, ಒಂದು ಸಲ ಬರೆದು, ಕೆಳಗೆ ಸಹಿ ಹಾಕುವುದು ನನ್ನ ದಿನಚರಿ. ಇಷ್ಟು ವರ್ಷಗಳಲ್ಲಿ ನನ್ನ ಸಹಿಯ ಮೇಲಿನ ಅಂಕಿ ತಪ್ಪಿದ್ದಿಲ್ಲ. ಹೋದ ಫೆಬ್ರುವರಿಯ ಒಂದು ಭಾನುವಾರ, ಅತ್ತೆಯ ಅಡುಗೆಮನೆಯ ಮೇಜಿನ ಮುಂದೆ ಕೂತು, ಒಂದೇ ಒಂದು ಅಂಕಿಯನ್ನು ತಪ್ಪಾಗಿ ಓದಿದೆ. ಆಮೇಲಿನಿಂದ ಎರಡು ಸಲದ ಬದಲು ಮೂರು ಸಲ ನೋಡುತ್ತೇನೆ. ಆ ಅಂಕಿಯ ಸಂಗತಿ ಮುಂದೆ ಬರುತ್ತದೆ.

ಅತ್ತೆ ನನ್ನ ತಂದೆಯ ಅಕ್ಕ. ಮದುವೆಯಾಗಿ ಕಲಬುರಗಿಯಿಂದ ಪುಣೆಗೆ ಬಂದವರು. ಬಿಬವೇವಾಡಿಯ ಮಾರ್ಕೆಟ್ಟಿನ ಹಿಂದೆ ಎರಡು ಕೋಣೆಯ ಮನೆ, ಮನೆಯ ಮೇಲೆ ಟೆರೇಸ್, ಟೆರೇಸಿನ ಮೇಲೆ ಸಂಡಿಗೆ. ಸಾಬೂದಾನಿ, ಅಕ್ಕಿಹಿಟ್ಟು, ಬೂದುಗುಂಬಳ, ಯಾವುದಾದರೂ ಒಂದು ಸಂಡಿಗೆ ವರ್ಷದ ಎಂಟು ತಿಂಗಳು ಅಲ್ಲಿ ಒಣಗುತ್ತಿರುತ್ತದೆ. ನಾನು ಏಳು ವರ್ಷದ ಹಿಂದೆ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ, ಬೇರೆ ಮನೆ ಹುಡುಕುವವರೆಗೆ ಎಂದು ಅತ್ತೆಯ ಮನೆಯಲ್ಲಿ ಇಳಿದೆ. ಆ ಹುಡುಕಾಟವನ್ನು ಇನ್ನೂ ಶುರು ಮಾಡಿಲ್ಲ.

ಅತ್ತೆಯ ಗಂಡ, ನನ್ನ ಮಾವ, ಹವಾಮಾನ ಕಚೇರಿಯಲ್ಲಿ ವೀಕ್ಷಕರಾಗಿದ್ದರು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಉಷ್ಣತೆ ನೋಡುವುದು, ಮಳೆ ಅಳೆಯುವುದು, ತಲೆಯೆತ್ತಿ ಆಕಾಶದಲ್ಲಿ ಎಷ್ಟು ಮೋಡ ಇದೆ ಎಂದು ಅಂದಾಜು ಮಾಡಿ ಬರೆಯುವುದು. ಕಚೇರಿಯ ಪುಸ್ತಕದಲ್ಲಿ ಬರೆದದ್ದನ್ನೇ ತಮ್ಮದೊಂದು ಜೇಬಿನ ಡೈರಿಯಲ್ಲೂ ಬರೆದುಕೊಳ್ಳುತ್ತಿದ್ದರು. ದಿನಕ್ಕೊಂದು ಸಾಲು, ಬರೀ ಅಂಕಿ. ಒಂದು ಅಕ್ಷರ ಇಲ್ಲ.

ಮದುವೆಯಾದ ಹೊಸದರಲ್ಲಿ ಈ ಡೈರಿ ಅತ್ತೆಯ ಕೈಗೆ ಸಿಕ್ಕಿತು. ದಿನಾ ಅಂಕಿ, ಅದೂ ಬೆಳಿಗ್ಗೆ ಹೊತ್ತು ತಪ್ಪದಂತೆ. ಕಲಬುರಗಿಯ ಹೆಣ್ಣುಮಗಳಿಗೆ ಇನ್ನೇನು ತಿಳಿಯಬೇಕು? ಗಂಡ ಮಟ್ಕಾ ಆಡುತ್ತಾನೆ ಎಂದು ತವರಿಗೆ ಕಾಗದ ಬರೆದರು. ನನ್ನ ಅಪ್ಪ ಆಗ ಕಾಲೇಜು ಓದುತ್ತಿದ್ದವರು. ಭಾವನಿಗೆ ಬುದ್ಧಿ ಹೇಳಲು ರೈಲು ಹತ್ತಿ ಬಂದರು. ಮಾವ ಅವರನ್ನು ಕಚೇರಿಗೆ ಕರೆದುಕೊಂಡು ಹೋಗಿ, ಹುಲ್ಲುಹಾಸಿನ ನಡುವೆ ನಿಲ್ಲಿಸಿ, ಮೇಲೆ ನೋಡು ಎಂದರಂತೆ. ಅಪ್ಪ ಸಂಜೆ ತಿರುಗಿ ಬಂದು ಅಕ್ಕನಿಗೆ ಹೇಳಿದ ಮಾತು ನಮ್ಮ ಮನೆತನದಲ್ಲಿ ಇವತ್ತಿಗೂ ಓಡಾಡುತ್ತಿದೆ.

"ಅಕ್ಕಾ, ಮಟ್ಕಾ ಆಡಿದ್ರ ಬಿಡಸಬಹುದಿತ್ತು. ಇವ್ರು ಮೋಡ ಎಣಸ್ತಾರ. ಇದಕ್ಕ ಔಷಧಿಲ್ಲ."

ಆ ದಿನಗಳಲ್ಲಿ ಮಾವ ಎರಡು ಸಲ ಕರೆದರಂತೆ, ಬಾ, ಈ ಅಂಕಿ ಓದುವುದನ್ನು ಕಲಿಸುತ್ತೇನೆ ಎಂದು. ಎರಡು ಸಲವೂ ಅತ್ತೆ, "ನನ್ನ ಒಗ್ಗರಣಿ ಸೀದ ಹೋಗ್ತದರೀ" ಎಂದು ಒಳಗೆ ಹೋದರು. ಇದನ್ನು ನನಗೆ ಹೇಳುವಾಗ ಪ್ರತಿ ಸಲವೂ ಅತ್ತೆ ಎರಡು ಬೆರಳು ಎತ್ತಿ ತೋರಿಸುತ್ತಾರೆ. ಎರಡು ಸಲ. ಮೂರನೆಯ ಸಲ ಕರೆಯಲಿಲ್ಲ.

ಮೂರನೆಯ ಸಲ ಕರೆಯದೆ ಇದ್ದುದಕ್ಕೆ ಕಾರಣ ಇದೆ. ಅವರಿಗೆ ಒಬ್ಬಳು ಮಗಳಿದ್ದಳು. ನಾಲ್ಕು ವರ್ಷದವಳು. ಜ್ವರ ಬಂದು ಆಸ್ಪತ್ರೆಯಲ್ಲಿ ಮೂರು ದಿನ ಇದ್ದು, ನಾಲ್ಕನೆಯ ದಿನ ಬೆಳಗಿನ ಜಾವ ಹೋದಳು. ಅವತ್ತು ಎಂಟು ಗಂಟೆಗೆ ಮಾವ ಆಸ್ಪತ್ರೆಯ ಮೆಟ್ಟಿಲು ಇಳಿದು, ಸೈಕಲ್ ಹತ್ತಿ, ಕಚೇರಿಗೆ ಹೋದರು. ಎಂಟೂವರೆಯ ವೀಕ್ಷಣೆ ಮುಗಿಸಿ ಒಂಬತ್ತೂವರೆಗೆ ವಾಪಸು ಬಂದರು. ಆ ಒಂದೂವರೆ ಗಂಟೆ ಅತ್ತೆ ಮಗಳ ಹತ್ತಿರ ಒಬ್ಬರೇ ಇದ್ದರು.

ಅದರ ಮೇಲೆ ಅವರಿಬ್ಬರೂ ಮೂವತ್ತೆರಡು ವರ್ಷ ಒಟ್ಟಿಗೆ ಬಾಳಿದರು. ನಾನು ಕಂಡ ಕೊನೆಯ ಐದು ವರ್ಷಗಳಲ್ಲಿ ಅವರು ನಗುತ್ತ, ಒಬ್ಬರನ್ನೊಬ್ಬರು ಚುಚ್ಚುತ್ತ ಚೆನ್ನಾಗಿಯೇ ಇದ್ದರು. ಆದರೆ ನಿವೃತ್ತರಾದ ಮೇಲೂ ಮಾವ ಎಂಟೂವರೆಗೆ ಟೆರೇಸಿಗೆ ಹೋಗಿ ಆಕಾಶ ನೋಡುತ್ತಿದ್ದರು, ಆ ಹೊತ್ತಿಗೆ ಅತ್ತೆ ಎಂದೂ ಟೆರೇಸ್ ಹತ್ತುತ್ತಿರಲಿಲ್ಲ. ಸಂಡಿಗೆ ಹಿಟ್ಟು ಕಾದು ಗಟ್ಟಿಯಾದರೂ ಸರಿ, ಒಂಬತ್ತರ ತನಕ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾಡುತ್ತ ಇರುತ್ತಿದ್ದರು. ಮಾವನಿಗೆ ಚಹಾ ಸಿಗುತ್ತಿದ್ದದ್ದು ಅವರು ಕೆಳಗಿಳಿದು ಬಂದ ಮೇಲೆ. ಅದಕ್ಕಿಂತ ಮೊದಲು ಕೇಳಿದವರೂ ಅಲ್ಲ ಅವರು.

ಎರಡು ವರ್ಷದ ಹಿಂದೆ ಮಾವ ತೀರಿಕೊಂಡರು. ಟ್ರಂಕಿನಲ್ಲಿ ಮೂವತ್ತೆಂಟು ಡೈರಿ. ಅತ್ತೆ ನನಗೆ ಒಂದನ್ನು ತೆಗೆದು ಕೊಟ್ಟು ಓದು ಎಂದರು. ನಾನು ನೋಡಿದೆ, ತಿಳಿಯಲಿಲ್ಲ. ಅವರ ಕಚೇರಿಯವರು ಯಾರಾದರೂ ಒಂದು ತಾಸಿನಲ್ಲಿ ಓದಿ ಹೇಳುತ್ತಾರೆ, ಹೋಗಿ ಕೇಳೋಣ ಎಂದೆ.

"ನನ್ನ ಗಂಡ ಬರದದ್ದು ನಾ ಮಂದೀ ಬಾಯಿಲೆ ಯಾಕ ಕೇಳ್ಲಿ?" ಎಂದರು. ಡೈರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಕೂಸಿನ ಬಿಟ್ಟು ಹೋಗಿ ಅವತ್ತು ಆಕಾಶದಾಗ ಏನ್ ನೋಡಿದ್ರು, ಅದನ್ನ ಓದಬೇಕು ನಾ. ನಾನ ಓದಬೇಕು" ಎಂದರು.

ಹೀಗೆ ನಮ್ಮ ಅತ್ತೆ ಕಾಲೇಜು ಸೇರಿದರು.

ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸು, ಹವಾಮಾನ ಶಾಸ್ತ್ರ. ಪಾಠ ಮರಾಠಿಯಲ್ಲಿ, ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರ ಯಾವುದರಲ್ಲಿ ಬೇಕಾದರೂ ಬರೆಯಬಹುದು. ಅತ್ತೆ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡುವುದು ಎಂದಾಯಿತು. ಪಾಠ ಹೇಳುವ ಮೇಡಂ ಮರಾಠಿಯವರು, ವಯಸ್ಸು ನನ್ನಷ್ಟೇ ಇರಬೇಕು. ಮೊದಲ ದಿನವೇ ಅತ್ತೆಯನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆದರು. ಎಲ್ಲರೂ ತಮ್ಮ ಪರಿಚಯ ಹೇಳಿಕೊಳ್ಳಿ, ಈ ಕೋರ್ಸು ಯಾಕೆ ಸೇರಿದಿರಿ ಹೇಳಿ ಎಂದಾಗ ದೇಹೂ ರೋಡಿನ ನಿವೃತ್ತ ಹವಾಲ್ದಾರರು ಜ್ಞಾನಕ್ಕಾಗಿ ಎಂದರು, ಹಿಂಜವಾಡಿಯ ಕಂಪನಿಯ ಒಬ್ಬ ಯುವಕ ಬಡ್ತಿಗಾಗಿ ಎಂದ. ಅತ್ತೆ ಸಂಡಿಗೆಗಾಗಿ ಎಂದರು. ಸುಳ್ಳು ಹೇಳಿದರು ಎನ್ನಲಾರೆ. ಪೂರ್ತಿ ಹೇಳಲಿಲ್ಲ, ಅಷ್ಟೇ.

ಮೊದಲ ಅಸೈನ್‌ಮೆಂಟು, ಮನೆಯಲ್ಲೇ ಮಳೆಮಾಪಕ ಮಾಡಿ ಒಂದು ವಾರದ ಮಳೆ ಅಳೆಯುವುದು. ಅತ್ತೆ ಒಂದು ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ಬೋರಲು ಹಾಕಿ, ಮಿಲಿಮೀಟರಿನ ಗೆರೆ ಎಳೆದು ಟೆರೇಸಿನ ಮೂಲೆಯಲ್ಲಿ ಇಟ್ಟರು. ಆ ವಾರ ಪುಣೆಯಲ್ಲಿ ಎಲ್ಲೂ ಹನಿ ಬೀಳಲಿಲ್ಲ. ಅತ್ತೆಯ ಪಟ್ಟಿಯಲ್ಲಿ ಮಂಗಳವಾರ ನಾಲ್ಕು ಮಿಲಿಮೀಟರ್, ಶುಕ್ರವಾರ ಆರು ಮಿಲಿಮೀಟರ್ ಮಳೆ. ಮೇಡಂ ಗಾಬರಿಯಾಗಿ, ಬಿಬವೇವಾಡಿಯಲ್ಲಿ ಮಾತ್ರ ಮಳೆಯಾಯಿತೆ ಎಂದು ಕೇಳಿದರು. ತನಿಖೆ ಮಾಡಿದಾಗ ತಿಳಿದದ್ದು ಇಷ್ಟು: ಕೆಳಗಿನ ಮನೆಯವರು ಮಂಗಳವಾರ ಮತ್ತು ಶುಕ್ರವಾರ ಸೀರೆ ಒಗೆದು ಹಿಂಡದೆ ನೇರ ಆ ಮೂಲೆಯ ತಂತಿಗೆ ಹಾಕುತ್ತಾರೆ. ನಾನು ಎರಡೂ ಅಂಕಿ ತೆಗೆದು ಸೊನ್ನೆ ಹಾಕೋಣ ಎಂದೆ.

"ತೆಗೀಬ್ಯಾಡ. ಬಾಟಲಿಯಾಗ ನೀರು ಬಂದದ್ದು ಖರೇ. ಅದು ಬರೀ. ಎಲ್ಲಿಂದ ಬಂತು ಅನ್ನೋದು ಬಾಜೂಕ ಬರೀ."

ಹಾಗೇ ಬರೆದೆವು. ಷರಾ: ಶುಕ್ರವಾರದ್ದು ಒಂಬತ್ತು ಗಜದ ಸೀರೆ. ಮೇಡಂ ಪೂರ್ತಿ ಅಂಕ ಕೊಟ್ಟರು.

ಎರಡನೆಯದು ಗಾಳಿಯ ತೇವ ಅಳೆಯುವುದು. ಎರಡು ಥರ್ಮಾಮೀಟರು, ಒಂದು ಒಣದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಬೇಕು. ಗಾಳಿ ಒಣಗಿದ್ದಷ್ಟೂ ಒದ್ದೆಯದು ಕೆಳಗಿಳಿಯುತ್ತದೆ, ಎರಡರ ನಡುವೆ ಅಂತರ ಬೀಳುತ್ತದೆ. ಮಂಜು ಕವಿದಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ತೋರಿಸುತ್ತವೆ. ಅಂಗಡಿಯಿಂದ ಹತ್ತಿಬಟ್ಟೆ ತರುತ್ತೇನೆ ಎಂದರೆ ಅತ್ತೆ ಬೇಡ ಎಂದು ಮಾವನ ಹಳೆಯ ಕರವಸ್ತ್ರ ಒಂದನ್ನು ಹರಿದರು. ಹರಿಯುವ ಮುಂಚೆ ಒಮ್ಮೆ ಮೂಸಿ ನೋಡಿದರು. ನಾನು ಕಂಡೆ, ಕಾಣದವಳಂತೆ ಇದ್ದೆ.

ಮೂರು ದಿನ ಎಲ್ಲ ಸರಿಯಾಗಿ ನಡೆಯಿತು. ನಾಲ್ಕನೆಯ ದಿನ ಥರ್ಮಾಮೀಟರುಗಳು ಗಾಳಿ ಒಣಗಿದೆ ಎಂದವು. ಅತ್ತೆ ಟೆರೇಸಿಗೆ ಹೋಗಿ ಒಂದು ಸಂಡಿಗೆ ತಂದು ನನ್ನ ಮುಂದೆ ಬಗ್ಗಿಸಿದರು. ಅದು ಮುರಿಯಲಿಲ್ಲ, ಬಳುಕಿತು.

"ಹವಾ ಒಣಗಿದ್ರ ಇದು ಕಡಕ್ ಅಂತ ಮುರೀಬೇಕು. ನಿನ್ನ ಥರ್ಮಾಮೀಟರ್ ಸುಳ್ಳು ಹೇಳ್ಲಿಕತ್ತದ. ಸಂಡಿಗಿ ಸುಳ್ಳು ಹೇಳಂಗಿಲ್ಲ."

ವಿಜ್ಞಾನ ಓದಿದವಳು ನಾನು. ನಕ್ಕೆ. ಆಮೇಲೆ ನೋಡಿದರೆ ಅವತ್ತು ನಾವು ಅಡುಗೆಮನೆಯ ಫ್ಯಾನು ಹಾಕಿದ್ದೆವು, ಅದರ ಗಾಳಿಗೆ ಒದ್ದೆಯದು ಬೇಕಾದದ್ದಕ್ಕಿಂತ ಕೆಳಗಿಳಿದಿತ್ತು. ಯಂತ್ರ ಅಡುಗೆಮನೆಯ ಫ್ಯಾನಿನ ಹವಾಮಾನ ಹೇಳುತ್ತಿತ್ತು, ಸಂಡಿಗೆ ಪುಣೆಯದ್ದು ಹೇಳುತ್ತಿತ್ತು. ಅವತ್ತಿನಿಂದ ಅತ್ತೆಯ ಉತ್ತರಪತ್ರಿಕೆಗಳಲ್ಲಿ ಒಂದು ಕಾಲಮು ಹೆಚ್ಚಾಯಿತು. ಉಷ್ಣತೆ, ತೇವ, ಗಾಳಿ, ಮಳೆ, ಸಂಡಿಗೆ.

ಮೂರನೆಯದರಲ್ಲಿ ಮೋಡ ಎಣಿಸಬೇಕಿತ್ತು. ಮಾವ ಜೀವಮಾನವಿಡೀ ಮಾಡಿದ ಕೆಲಸ. ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ ಎಷ್ಟು ಪಾಲು ಮುಚ್ಚಿದೆ ಎಂದು ಬರೆಯುವುದು. ಏನೂ ಇಲ್ಲದಿದ್ದರೆ ಸೊನ್ನೆ, ಪೂರ್ತಿ ಮುಚ್ಚಿದ್ದರೆ ಎಂಟು. ನೋಡಲು ಹೋಗಲೇ ಇಲ್ಲವಾದರೆ ಒಂದು ಗೀಟು. ಇನ್ನೊಂದು ಅಂಕಿ ಉಂಟು, ಒಂಬತ್ತು. ನೋಡಿದೆ, ಆದರೆ ಮಂಜು ಅಡ್ಡ ಬಂದು ಆಕಾಶ ಕಾಣಲಿಲ್ಲ ಎಂದಾದರೆ ಅದನ್ನು ಬರೆಯಬೇಕು. ಎಂಟು ಪಾಲಿನ ಆಕಾಶಕ್ಕೆ ಒಂಬತ್ತು ಎಲ್ಲಿಂದ ಬಂತು ಎಂದು ಅತ್ತೆ ಒಂದು ದಿನ ಇಡೀ ತಲೆ ಕೆಡಿಸಿಕೊಂಡರು. ಆಮೇಲೆ ಒಪ್ಪಿಕೊಂಡರು.

ಈ ಅಸೈನ್‌ಮೆಂಟನ್ನು ವಿದ್ಯಾರ್ಥಿಗಳೇ ಒಬ್ಬರದ್ದೊಬ್ಬರು ತಿದ್ದಬೇಕಿತ್ತು. ಅತ್ತೆಯ ಪಾಲಿಗೆ ಹಿಂಜವಾಡಿಯ ಯುವಕನ ಪಟ್ಟಿ ಬಂತು. ಅವನು ದಿನಾ ಕಂಪನಿ ಕ್ಯಾಬಿನಲ್ಲಿ ಕೂತೇ ಪಾಠ ಕೇಳುವವನು. ಏಳು ದಿನವೂ ಆಕಾಶ ನಿರ್ಮಲ, ಸೊನ್ನೆ, ಸೊನ್ನೆ, ಸೊನ್ನೆ. ಆ ವಾರ ಎರಡು ದಿನ ಮೋಡ ಕವಿದು ಅತ್ತೆ ಸಂಡಿಗೆ ಒಳಗೆ ತಂದಿಟ್ಟುಕೊಂಡಿದ್ದರು. ವಿಡಿಯೊ ಕರೆಯಲ್ಲಿ ಅವನನ್ನು ಹಿಡಿದರು. ಅವರ ಮರಾಠಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಏನಪಾ, ನೀ ಖರೇ ಹೇಳು, ಗಾಡಿ ಇಳದು ನೋಡಿದ್ಯೋ, ಕರೀ ಗಾಜಿನಾಗಿಂದ ನೋಡಿದ್ಯೋ?"

"ಟ್ರಾಫಿಕ್ಕಿನಲ್ಲಿ ಇಳಿಯಲಿಕ್ಕೆ ಆಗೋದಿಲ್ಲ ಕಾಕೂ."

"ಹಂಗಾರ ಗೀಟು ಹಾಕು. ನೋಡ್ಲಿಲ್ಲ ಅನ್ನೋದು ತಪ್ಪಲ್ಲ. ನೋಡದ ಸೊನ್ನಿ ಹಾಕೋದು ತಪ್ಪು. ನಮ್ಮನಿಯವ್ರು ಮೂವತ್ತೆಂಟು ವರ್ಷದಾಗ ಒಂದೂ ಸುಳ್ಳು ಸೊನ್ನಿ ಹಾಕಿಲ್ಲ."

ಹತ್ತಕ್ಕೆ ಎರಡು ಅಂಕ ಕೊಟ್ಟರು. ಎರಡು ಯಾಕೆ ಎಂದು ಕೇಳಿದೆ. ಹೊತ್ತಿಗೆ ಸರಿಯಾಗಿ ಕಳಿಸಿದ್ದಾನಲ್ಲ, ಅದಕ್ಕೆ, ಎಂದರು.

ಇನ್ನು ಕಾಪಿಯ ಪ್ರಕರಣ. ಅರ್ಧ ಕೋರ್ಸು ಮುಗಿದ ಮೇಲೆ ಕ್ಯಾಮೆರಾದ ಮುಂದೆ ಕೂತು ಬರೆಯುವ ಪರೀಕ್ಷೆ. ಕಣ್ಣು ಪರದೆ ಬಿಟ್ಟು ಆಚೆ ಹೋದರೆ ಕಂಪ್ಯೂಟರೇ ಗುರುತು ಹಾಕಿಕೊಳ್ಳುತ್ತದೆ. ಇದನ್ನು ನಾನು ಅತ್ತೆಗೆ ಮೂರು ಸಲ ಹೇಳಿದ್ದೆ. ಅವರೂ ಮೂರು ಸಲ ಹೂಂ ಅಂದಿದ್ದರು. ಪರೀಕ್ಷೆಯಲ್ಲಿ ಮೋಡದ ಚಿತ್ರಗಳು ಬಂದವು, ಇದು ಯಾವ ಬಗೆ ಎಂದು ಒತ್ತಿ ಗುರುತಿಸಬೇಕು. ಅಡುಗೆಮನೆಯ ಕಿಟಕಿ ಎಡಕ್ಕಿದೆ. ಚಿತ್ರ ನೋಡುವುದು, ಕಿಟಕಿಯಾಚೆ ನೋಡುವುದು, ಮತ್ತೆ ಚಿತ್ರ ನೋಡುವುದು. ನಡುವೆ ಎದ್ದು ಒಲೆ ಸಣ್ಣ ಮಾಡಿದರು, ಅದನ್ನು ಕಂಪ್ಯೂಟರು ಕ್ಷಮಿಸಿತು.

ಎರಡು ದಿನದ ಮೇಲೆ ಕಾಗದ ಬಂತು. ಪರೀಕ್ಷಾರ್ಥಿಯ ದೃಷ್ಟಿ ಹನ್ನೊಂದು ಬಾರಿ ಮೇಲಕ್ಕೆ ಮತ್ತು ಎಡಕ್ಕೆ ಹೋಗಿದೆ, ವಿವರಣೆ ಕೊಡಿ. ಅತ್ತೆ ಹೇಳಿದರು, ನಾನು ಬರೆದೆ:

"ಹವಾಮಾನದ ಪರೀಕ್ಷೆಯಲ್ಲಿ ಆಕಾಶ ನೋಡಬಾರದೆಂಬ ನಿಯಮ ನನಗೆ ತಿಳಿದಿರಲಿಲ್ಲ. ನೋಡಿದ್ದು ನಿಜ. ಆದರೆ ಅದರಿಂದ ಲಾಭವಾಗಲಿಲ್ಲ. ಅವತ್ತು ಬೆಳಿಗ್ಗೆ ಬಿಬವೇವಾಡಿಯ ಮೇಲೆ ಒಂದೂ ಮೋಡ ಇರಲಿಲ್ಲ."

ಮೇಡಂ ಮರುಪರೀಕ್ಷೆಗೆ ಅವಕಾಶ ಕೊಡಿಸಿದರು. ಕಿಟಕಿಯ ಪರದೆ ಎಳೆದು ಕೂತು ಬರೆದ ಆ ಪರೀಕ್ಷೆಯಲ್ಲಿ ಅತ್ತೆಗೆ ಮೊದಲಿಗಿಂತ ನಾಲ್ಕು ಅಂಕ ಹೆಚ್ಚು ಬಂತು. ಇದನ್ನು ಯಾರಿಗೂ ಹೇಳಬೇಡ ಎಂದಿದ್ದಾರೆ.

ಈ ನಡುವೆ ಅತ್ತೆಗೆ ಡೈರಿ ಓದಲು ಬರತೊಡಗಿತ್ತು. ಒಂದನ್ನು ಮಾತ್ರ ಮುಟ್ಟಲಿಲ್ಲ. ಮಗಳು ಹೋದ ವರ್ಷದ ಡೈರಿಯನ್ನು ಬೇರೆ ತೆಗೆದು, ಹಳೆಯ ಖಣದ ಬಟ್ಟೆಯಲ್ಲಿ ಸುತ್ತಿ, ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟಿದ್ದರು. "ಪೂರ್ತಿ ಬರೂ ತನಕ ಅದು ಬ್ಯಾಡ. ಅರ್ಧಮರ್ಧ ಓದೀದ್ರ ತಪ್ಪ ತಿಳಕೊಂಡೇನು" ಎಂದರು. ಉಳಿದ ಮೂವತ್ತೇಳು ಡೈರಿಗಳಲ್ಲಿ ಅಭ್ಯಾಸ ನಡೆಯಿತು. ಅಭ್ಯಾಸದ ಫಲ ಬಂಧುಬಳಗಕ್ಕೆಲ್ಲ ಫೋನಿನಲ್ಲಿ ತಲುಪಿತು. ಒಂದು ಸಂಜೆ ನನ್ನ ಅಪ್ಪನಿಗೆ ಫೋನು ಹೋಯಿತು.

"ತಮ್ಮಾ, ನಿನ್ನ ಲಗ್ನದ ದಿವಸ ಹನ್ನೆರಡು ಮಿಲಿಮೀಟರ್ ಮಳಿ ಆಗಿತ್ತು."

"ಎಲ್ಲಿ ಮಳಿ ಅಕ್ಕಾ? ಕಲಬುರ್ಗ್ಯಾಗ ಬೆಂಕಿಯಂಥಾ ಬಿಸಲಿತ್ತು."

"ಕಲಬುರ್ಗಿ ಸುದ್ದಿ ಯಾರು ಹೇಳ್ಯಾರ? ಪುಣ್ಯಾದಾಗ. ಅವತ್ತು ನಿಮ್ಮ ಭಾವ ರಜಾ ಸಿಗಲಿಲ್ಲಂತ ಲಗ್ನಕ್ಕ ಬರಲಿಲ್ಲ, ನೀ ನಲವತ್ತು ವರ್ಷ ಅದನ್ನ ಆಡಿಕೊಂಡು ಬಂದಿ. ಖರೇನ ಡ್ಯೂಟಿ ಮ್ಯಾಲಿದ್ರು ನೋಡು. ಬರದಾರ."

ಫೋನು ಇಟ್ಟ ಮೇಲೆ ಅತ್ತೆ ಬಹಳ ಹೊತ್ತು ಆ ಸಾಲಿನ ಮೇಲೆ ಬೆರಳಾಡಿಸಿದರು. ನನಗೆ ಆಗ ಅನ್ನಿಸಿದ್ದು, ಇವರು ಗಂಡನ ಜೊತೆ ಈಗ ಮಾತಾಡಲು ಕಲಿಯುತ್ತಿದ್ದಾರೆ ಎಂದು. ಮಾವ ಎರಡು ಸಲ ಕರೆದದ್ದಕ್ಕೆ ಅತ್ತೆ ಈಗ ಹೋಗಿ ಕೂತಿದ್ದಾರೆ. ಹೇಳಿಕೊಡುವವರು ಇಲ್ಲ.

ಕೊನೆಯ ಅಸೈನ್‌ಮೆಂಟು ಬಂದದ್ದು ಫೆಬ್ರುವರಿಯಲ್ಲಿ. ಯಾವುದಾದರೂ ಹಳೆಯ ವೀಕ್ಷಣೆಯ ದಾಖಲೆಯಿಂದ ಒಂದು ತಿಂಗಳನ್ನು ಆರಿಸಿಕೊಂಡು, ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರಿಶೀಲಿಸಿ, ತಪ್ಪಿದ್ದರೆ ಗುರುತಿಸಿ ಸರಿಪಡಿಸಬೇಕು. ಮೂವತ್ತು ಅಂಕ. ಉಳಿದವರು ಅಂತರ್ಜಾಲದಿಂದ ಅಂಕಿ ಇಳಿಸಿಕೊಂಡರು. ಅತ್ತೆ ಸ್ಟೂಲು ಹತ್ತಿ ಹಿಟ್ಟಿನ ಡಬ್ಬಿಗಳ ಹಿಂದಿನಿಂದ ಖಣದ ಗಂಟು ಇಳಿಸಿದರು. ಮಾರ್ಚ್ ತಿಂಗಳ ಹಾಳೆ ತೆರೆದು, "ಇದು ಮಾಡೂಣು" ಎಂದರು.

ಮಗಳು ಹೋದದ್ದು ಮಾರ್ಚಿನಲ್ಲಿ ಎಂದು ನನಗೆ ಗೊತ್ತಿತ್ತು. ಯಾವ ತಾರೀಖು ಎಂದು ಗೊತ್ತಿರಲಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಹೇಳುತ್ತಿರಲಿಲ್ಲ. ಕೇಳಬೇಕಾಗಿತ್ತು ನಾನು. ಕೇಳಲಿಲ್ಲ.

ಅತ್ತೆ ಒಂದೊಂದೇ ಸಾಲು ಓದಿದರು, ನಾನು ಟೈಪು ಮಾಡಿದೆ. ಮೋಡ ಸೊನ್ನೆ, ಒಣದು ಇಪ್ಪತ್ತೊಂದು, ಒದ್ದೆಯದು ಹದಿನೈದು, ಮಳೆ ಇಲ್ಲ. ಸೊನ್ನೆ. ಮತ್ತೆ ಸೊನ್ನೆ. ಒಂದು ದಿನ ಒಂದು ಪಾಲು ಮೋಡ. ಮತ್ತೆ ಸೊನ್ನೆ. ಅತ್ತೆಯ ದನಿ ನಿಧಾನವಾಗುತ್ತ ಬಂದದ್ದನ್ನು ನಾನು ಗಮನಿಸಿದೆ. ಕನ್ನಡಕದ ತೊಂದರೆ ಎಂದುಕೊಂಡೆ.

"ಒಂಬತ್ತು" ಎಂದರು.

ನಾನು ಟೈಪು ಮಾಡಿದೆ.

"ಒಣದು ಇಪ್ಪತ್ತೆರಡು ಪಾಯಿಂಟ್ ನಾಕು. ಹಸೀದು ಹದಿನಾಕು ಪಾಯಿಂಟ್ ಎಂಟು."

ಅಲ್ಲಿ ನನ್ನ ಕೈ ನಿಂತಿತು. ನನಗೆ ಖುಷಿಯಾಯಿತು, ಇದನ್ನು ಮುಚ್ಚಿಡಬಾರದು. ಒಂಬತ್ತು ಎಂದರೆ ಮಂಜು. ಮಂಜಿದ್ದರೆ ಎರಡು ಥರ್ಮಾಮೀಟರೂ ಒಂದೇ ತೋರಿಸಬೇಕು. ಇಲ್ಲಿ ಏಳು ಡಿಗ್ರಿಗೂ ಹೆಚ್ಚು ಅಂತರ, ಗಾಳಿ ಒಣ ಒಣ. ಹಿಂದಿನ ದಿನ ಸೊನ್ನೆ, ಹಾಳೆಗೆ ಇಣುಕಿದರೆ ಮುಂದಿನ ದಿನವೂ ಸೊನ್ನೆ. ನಾವು ಹುಡುಕುತ್ತಿದ್ದ ತಪ್ಪು ಇದೇ.

"ಅತ್ತಿ, ಸಿಕ್ತು" ಎಂದೆ. "ಇದು ತಪ್ಪದ ನೋಡು. ಮಂಜು ಇರಲಿಕ್ಕೆ ಸಾಧ್ಯನ ಇಲ್ಲ. ಮಾವಗೂ ಒಂದ್ ದಿವಸ ಕೈ ತಪ್ಪೇದ ಅಂತಾತು."

ತಪ್ಪುಗಳ ಕಾಲಮಿನಲ್ಲಿ ಬರೆದೆ: ಒಂಬತ್ತರ ಬದಲು ಸೊನ್ನೆ ಎಂದು ಓದಿಕೊಳ್ಳತಕ್ಕದ್ದು.

ಅತ್ತೆಯ ಕಡೆಗೆ ತಿರುಗಿ ನೋಡಿದೆ. ಅವರ ಅಂಗೈ ಆ ಸಾಲಿನ ಮೇಲೆ ಇತ್ತು, ಜ್ವರ ಬಂದ ಮಗುವಿನ ಹಣೆಯ ಮೇಲೆ ಇಟ್ಟ ಹಾಗೆ. ನನಗೆ ಆಗ ತಿಳಿಯಿತು ಅದು ಯಾವ ದಿನ ಎಂದು.

"ಅವತ್ತು ಮಂಜು ಇರಲಿಲ್ಲ. ಖರೇ ಅದ ನೀ ಅನ್ನೋದು" ಎಂದರು. "ಮೂರು ದಿವಸದ ಹಿಂದ ಗಚ್ಚಿ ಮ್ಯಾಲ ಸಂಡಿಗಿ ಹಾಕಿ ಹಂಗ ದವಾಖಾನಿಗೆ ಹೋಗಿದ್ದೆ. ಅವತ್ತು ಮಧ್ಯಾಹ್ನ ಮನಿಗೆ ಬಂದು ನೋಡಿದ್ರ ಎಲ್ಲಾ ಕಡಕ್ ಆಗಿದ್ವು. ಒಂದು ಕೈಯಾಗ ಹಿಡದೆ, ಪುಡಿ ಆತು. ಆಕಾಶದಾಗ ಏನೂ ಇರಲಿಲ್ಲ ಅವತ್ತು. ಏನಂದ್ರ ಏನೂ ಇರಲಿಲ್ಲ."

ನಾನು ಕೀಲಿಮಣೆಯಿಂದ ಕೈ ತೆಗೆದೆ.

"ನಿಮ್ಮ ಮಾವ ನೋಡ್ಯಾರ" ಎಂದರು. "ತಲಿ ಎತ್ತಿ ನೋಡ್ಯಾರ. ಕಂಡಿಲ್ಲ ಅವ್ರಿಗೆ."

ಆಮೇಲೆ ಮೂಗೊರೆಸಿಕೊಂಡು, ಇನ್ನೂ ಅರ್ಥವಾಗದವಳಿಗೆ ಹೇಳುವಂತೆ ಹೇಳಿದರು. "ಥರ್ಮಾಮೀಟರಿನ ಪಾರಾ ಕಣ್ಣಿನ ಹತ್ರ ಇರ್ತದ. ಒರಸಿಕೊಂಡು ಒರಸಿಕೊಂಡು ಓದಬಹುದು. ಆಕಾಶ ದೂರ ಅದಲ್ಲ."

ಎಷ್ಟು ಹೊತ್ತು ಕೂತಿದ್ದೆವು ಎಂದು ನಾನು ಗಡಿಯಾರ ನೋಡಲಿಲ್ಲ. ನೋಡದ್ದನ್ನು ಬರೆಯಬಾರದು. ಕೊನೆಗೆ ಅತ್ತೆ ಕಾಲಮಿನತ್ತ ಬೆರಳು ತೋರಿಸಿ, "ಅಳಸು ಅದನ್ನ" ಎಂದರು. ಅಳಿಸಿದೆ. ಅಲ್ಲಿ ಅವರು ಹೇಳಿದಂತೆ ಬರೆದೆ: ಈ ತಿಂಗಳಲ್ಲಿ ತಪ್ಪು ಕಂಡುಬಂದಿಲ್ಲ.

ಮೂವತ್ತಕ್ಕೆ ಹದಿನೆಂಟು ಬಂತು. ಮೇಡಂ ತಾವೇ ವಿಡಿಯೊ ಕರೆ ಮಾಡಿದರು. "ಕಾಕೂ, ಇಥೆ ಏಕ್ ಚೂಕ್ ರಾಹಿಲೀ" ಎಂದರು, ಇಲ್ಲೊಂದು ತಪ್ಪು ನಿಮ್ಮ ಕಣ್ಣಿಗೆ ಬೀಳದೆ ಉಳಿದಿದೆ ಎಂದು. ಆ ಒಂಬತ್ತನ್ನು ತಿದ್ದಿ ಕಳಿಸಿದರೆ ಪೂರ್ತಿ ಅಂಕ ಕೊಡುತ್ತೇನೆ, ನೀವು ಇಡೀ ತರಗತಿಗೆ ಮೊದಲಿಗರಾಗುತ್ತೀರಿ ಎಂದೂ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಚೂಕ್ ನಾಹೀ, ಮ್ಯಾಡಂ" ಎಂದರು ಅತ್ತೆ. ತಪ್ಪಲ್ಲ. ನೋಡದೆ ಇದ್ದರೆ ಗೀಟು, ನೋಡಿಯೂ ಕಾಣದಿದ್ದರೆ ಒಂಬತ್ತು, ನೀವೇ ಕಲಿಸಿದ್ದು ಎಂದರು. ನಮ್ಮನೆಯವರು ನೋಡಲು ಹೋಗಿದ್ದರು.

ಮೇಡಂ ಪರದೆಯ ಮೇಲೆ ಆ ಸಾಲನ್ನು ಮತ್ತೊಮ್ಮೆ ನೋಡುತ್ತಿದ್ದದ್ದು ಕಂಡಿತು. ಬಳಿಕ ಅತ್ತೆಯ ಮುಖ ನೋಡಿದರು. ದನಿ ತಗ್ಗಿಸಿ, "ಧುಕಂ ಹೋತಂ ಕಾ, ಕಾಕೂ?" ಎಂದರು. ಮಂಜು ಇತ್ತೆ?

"ಹೋತಂ" ಎಂದರು ಅತ್ತೆ. ಇತ್ತು.

ಮೇಡಂ ಮತ್ತೆ ಕೇಳಲಿಲ್ಲ. ಅಂಕವನ್ನೂ ಬದಲಿಸಲಿಲ್ಲ, ನಿಯಮದಂತೆ ಅದು ಸರಿ. ಅತ್ತೆ ತೇರ್ಗಡೆಯಾದರು. ತರಗತಿಗೆ ಮೊದಲು ಬಂದವರು ದೇಹೂ ರೋಡಿನ ಹವಾಲ್ದಾರರು. ಸರ್ಟಿಫಿಕೇಟು ಮುದ್ರಿಸಿ ತಂದು ಕೊಟ್ಟೆ. ಅತ್ತೆ ಅದನ್ನು ಮಾರ್ಚಿನ ಆ ಹಾಳೆಯಲ್ಲಿಟ್ಟು, ಡೈರಿಯನ್ನು ಖಣದಲ್ಲಿ ಸುತ್ತಿ, ಈ ಸಲ ಹಿಟ್ಟಿನ ಡಬ್ಬಿಗಳ ಹಿಂದೆ ಅಲ್ಲ, ಉಳಿದ ಮೂವತ್ತೇಳರ ಜೊತೆಗೆ ಟ್ರಂಕಿನಲ್ಲಿ ಇಟ್ಟರು.

ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಇರಲಿಲ್ಲ. ಗಡಿಯಾರ ನೋಡಿದೆ, ಎಂಟೂ ಇಪ್ಪತ್ತೆಂಟು. ಮೇಲಿನಿಂದ ಅತ್ತೆ ಕರೆದರು. ಹತ್ತಿ ಹೋದೆ. ಟೆರೇಸಿನ ಕಟ್ಟೆಯ ಮೇಲೆ ಎರಡು ಲೋಟ ಚಹಾ ಇತ್ತು. ಒಂದು ಅವರ ಎದುರಿಗೆ. ಇನ್ನೊಂದು ಪೂರ್ವದ ಮೂಲೆಯಲ್ಲಿ, ಮಾವ ನಿಲ್ಲುತ್ತಿದ್ದ ಜಾಗದಲ್ಲಿ. ಅದರಿಂದ ಹಬೆ ಏಳುತ್ತಿತ್ತು.

"ಎಂಟೂವರಿ ಆತು. ಮೋಡ ಎಷ್ಟದ ಹೇಳು" ಎಂದರು.

ನಾನು ತಲೆಯೆತ್ತಿದೆ. ಎರಡು ಸಲ ನೋಡಿದೆ, ಕಣ್ಣು ಒರೆಸಿಕೊಂಡು ಮೂರನೆಯ ಸಲವೂ ನೋಡಿದೆ.

"ಗೊತ್ತಾಗವಲ್ದು, ಅತ್ತಿ."

ಅವರು ನನ್ನ ಕಡೆ ತಿರುಗಿ ನೋಡಲಿಲ್ಲ.

"ಹಂಗಾರ ಒಂಬತ್ತು ಬರಿ" ಎಂದರು. "ಆ ಚಹಾ ತೊಗೊ. ಆರಿ ಹೋಗ್ತದ."